ಅಚ್ಚಿಗೂ ಮೊದಲು ಓದುಗರು: ಕನ್ನಡದ ಚೊಚ್ಚಲ ಕಾದಂಬರಿ ಊರು ತಲುಪಿದ ಬಗೆ

ಹೊಸ ಲೇಖಕರೊಬ್ಬರ ಮೊದಲ ಕಾದಂಬರಿ ಅಚ್ಚಾಗಿ ಹೊರಬರುವುದಕ್ಕೆ ಮುನ್ನವೇ ಅದರ ಸುದ್ದಿಯನ್ನು ಓದುಗರಿಗೆ ಮುಟ್ಟಿಸುವ ಕೆಲಸಕ್ಕೆ ಕನ್ನಡದಲ್ಲಿ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಈ ಚರಿತ್ರೆಯನ್ನು ಜಾಹೀರಾತಿನ ಚರಿತ್ರೆಯೆಂದು ಮಾತ್ರ ನೋಡಿದರೆ ಅದರ ತಿರುಳು ಕೈಗೆ ಸಿಗುವುದಿಲ್ಲ. ಹೆಸರು ಕೇಳದ ಲೇಖಕರ ಪುಸ್ತಕಕ್ಕೆ ಹಣ ಕೊಡಲು ಓದುಗರು ಒಪ್ಪಬೇಕಾದರೆ ಅವರು ಈಗಾಗಲೇ ನಂಬಿರುವ ಯಾರಾದರೊಬ್ಬರು ಆ ಲೇಖಕರ ಪರವಾಗಿ ಹೊಣೆ ನಿಲ್ಲಬೇಕಾಗುತ್ತದೆ. ಒಂದು ಕಾಲದಲ್ಲಿ ಸಂಘಗಳು, ಇನ್ನೊಂದು ಕಾಲದಲ್ಲಿ ಗ್ರಂಥಮಾಲೆಗಳು, ಮತ್ತೊಂದು ಕಾಲದಲ್ಲಿ ವಾರಪತ್ರಿಕೆಗಳು ಈ ಹೊಣೆಯನ್ನು ಹೊತ್ತವು. ಹೊಣೆ ಹೊತ್ತವರು ಬದಲಾದಂತೆಲ್ಲ ಪ್ರಚಾರದ ರೀತಿಯೂ ಪುಸ್ತಕ ತಲುಪುವ ಊರುಗಳ ವ್ಯಾಪ್ತಿಯೂ ಬದಲಾದವು.

ಈ ವ್ಯಾಪ್ತಿಯನ್ನು ಅಳೆಯಲು ಪ್ರಕಾಶನದ ದೊಡ್ಡ ಕೇಂದ್ರಗಳಾದ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಿಂದ ದೂರ ನಿಂತು ನೋಡುವುದು ಒಳ್ಳೆಯದು. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಳಿಚೋಡು ಅಂಥ ಒಂದು ನೆಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ ಹೊಸ ಜಿಲ್ಲೆಗೆ ಬಂದವು. ಈ ಸೀಮೆ ಕಾದಂಬರಿಕಾರರ ವಿಷಯದಲ್ಲಿ ಬಡವಾದದ್ದೇನೂ ಅಲ್ಲ. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಗಳ ಸಾಲಿನಲ್ಲಿ ಹೇಳಿ, ‘ದುರ್ಗಾಸ್ತಮಾನ’ಕ್ಕಾಗಿ 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ತ.ರಾ.ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ, ಹರಿಹರದ ಬಳಿಯ ಮಲೇಬೆನ್ನೂರಿನಲ್ಲಿ. ಅಲ್ಲಮಪ್ರಭುವಿನ ಬದುಕನ್ನು ಆಧರಿಸಿ ‘ಪರಿಪೂರ್ಣದೆಡೆಗೆ’ ಬರೆದ ಎಚ್. ತಿಪ್ಪೇರುದ್ರಸ್ವಾಮಿಯವರ ಊರು ಹೊನ್ನಾಳಿ. ಹೀಗೆ ಸೀಮೆಯಿಂದ ಲೇಖಕರು ಬಂದರೂ ಅವರ ಪುಸ್ತಕಗಳಿಗೆ ಅಚ್ಚುಮನೆ, ಪ್ರಕಾಶಕ, ಮಾರಾಟದ ಅಂಗಡಿಗಳು ಬಹುಮಟ್ಟಿಗೆ ಬೇರೆ ಕಡೆಯೇ ಇದ್ದವು. ಆದ್ದರಿಂದ ಬಿಳಿಚೋಡಿನಂಥ ಊರಿಗೆ ಹೊಸ ಕಾದಂಬರಿ ಬರಬೇಕಾದರೆ ಪುಸ್ತಕಕ್ಕಿಂತ ಮೊದಲು ಅದರ ಸುದ್ದಿ ಬರಬೇಕಾಗಿತ್ತು; ಸುದ್ದಿ ಬಾರದಿದ್ದರೆ ಪುಸ್ತಕವೂ ಬರುತ್ತಿರಲಿಲ್ಲ.

ಮೊಳೆ, ಫಾರ್ಮು ಮತ್ತು ಸಾವಿರ ಪ್ರತಿ

ಪ್ರಕಟಣೆಗೆ ಮುನ್ನವೇ ಓದುಗರನ್ನು ಹುಡುಕಿಕೊಳ್ಳಬೇಕಾದ ಒತ್ತಡ ಹುಟ್ಟಿದ್ದು ಅಚ್ಚುಮನೆಯ ಕೆಲಸದ ಸ್ವರೂಪದಿಂದ. ಆಫ್‌ಸೆಟ್ ಮುದ್ರಣ ಬರುವ ಮೊದಲು ಕನ್ನಡ ಪುಸ್ತಕಗಳು ಮೊಳೆಗಳಿಂದ, ಅಂದರೆ ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ದ ಬಿಡಿ ಅಕ್ಷರಗಳಿಂದ, ಅಚ್ಚಾಗುತ್ತಿದ್ದವು. ಮೊಳೆ ಜೋಡಿಸುವವರು ಖಾನೆಗಳಿಂದ ಒಂದೊಂದೇ ಅಕ್ಷರವನ್ನು ಆಯ್ದು ಸಾಲು ಕಟ್ಟಿ ಪುಟ ಮಾಡುತ್ತಿದ್ದರು. ಕನ್ನಡದ ಒತ್ತು, ಗುಣಿತಗಳ ಕಾರಣದಿಂದ ಈ ಕೆಲಸಕ್ಕೆ ಬೇಕಾದ ಮೊಳೆಗಳ ಬಗೆಗಳು ಬಹಳ, ಶ್ರಮವೂ ಹೆಚ್ಚು. ಹಾಗೆ ಕಟ್ಟಿದ ಪುಟಗಳನ್ನು ಫಾರ್ಮುಗಳಾಗಿ, ಎಂದರೆ ಒಂದು ದೊಡ್ಡ ಹಾಳೆಯಲ್ಲಿ ಸಾಮಾನ್ಯವಾಗಿ ಹದಿನಾರು ಪುಟ ಬರುವಂತೆ ಒಟ್ಟುಗೂಡಿಸಿ, ಮುದ್ರಿಸಲಾಗುತ್ತಿತ್ತು. ಯಾವ ಅಚ್ಚುಮನೆಯಲ್ಲಿಯೂ ಇಡೀ ಕಾದಂಬರಿಯನ್ನು ಒಮ್ಮೆಗೇ ಕಟ್ಟಿ ನಿಲ್ಲಿಸುವಷ್ಟು ಮೊಳೆಗಳಿರುತ್ತಿರಲಿಲ್ಲವಾದ್ದರಿಂದ ಒಂದು ಫಾರ್ಮು ಅಚ್ಚಾದ ಕೂಡಲೇ ಮೊಳೆಗಳನ್ನು ಬಿಡಿಸಿ ಖಾನೆಗೆ ಹಾಕಿ, ಅವುಗಳಿಂದಲೇ ಮುಂದಿನ ಫಾರ್ಮನ್ನು ಜೋಡಿಸಬೇಕಾಗಿತ್ತು.

ಈ ತಾಂತ್ರಿಕ ಸಂಗತಿಯ ಫಲ ದೂರಗಾಮಿಯಾದದ್ದು. ಮೊಳೆ ಬಿಡಿಸಿದ ಮೇಲೆ ಇನ್ನಷ್ಟು ಪ್ರತಿ ಬೇಕೆನಿಸಿದರೆ ಪುಸ್ತಕವನ್ನು ಮೊದಲಿನಿಂದ ಮತ್ತೆ ಜೋಡಿಸಬೇಕಿತ್ತು. ಹೆಚ್ಚು ಪ್ರತಿ ತೆಗೆದಿಟ್ಟುಕೊಂಡರೆ ಕಾಗದದ ಹಣ ಗೆದ್ದಲಿನ ಪಾಲಾಗುತ್ತಿತ್ತು. ಜೋಡಣೆಯ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ ಆದ್ದರಿಂದ ಬೆಲೆ ಕೈಗೆಟುಕುವಂತಿರಬೇಕಾದರೆ ಸಾವಿರದ ಆಸುಪಾಸಿನಲ್ಲಿಯಾದರೂ ಅಚ್ಚು ಹಾಕಬೇಕಾಗಿತ್ತು. ಹೀಗಾಗಿ ಎಷ್ಟು ಜನ ಕೊಳ್ಳುತ್ತಾರೆಂಬ ಅಂದಾಜು ಮೊದಲ ಫಾರ್ಮು ಯಂತ್ರಕ್ಕೇರುವ ಮುನ್ನವೇ ಆಗಬೇಕಿತ್ತು. ಹೆಸರಾದ ಲೇಖಕರ ವಿಷಯದಲ್ಲಿ ಹಿಂದಿನ ಪುಸ್ತಕದ ಮಾರಾಟ ಈ ಅಂದಾಜಿಗೆ ಆಧಾರವಾದರೆ ಚೊಚ್ಚಲ ಕಾದಂಬರಿಗೆ ಅಂಥ ಆಧಾರವೇ ಇರಲಿಲ್ಲ. ಕನ್ನಡ ಪ್ರಕಾಶನ ಮುಂದೆ ಕಂಡುಕೊಂಡ ಬಗೆಬಗೆಯ ಉಪಾಯಗಳೆಲ್ಲ ಈ ಕೊರತೆಯನ್ನು ತುಂಬಲು ಹುಟ್ಟಿದವು.

ಆಶ್ರಯದಿಂದ ಸಂಘದ ಕಡೆಗೆ

ಅಚ್ಚಿಗಿಂತ ಹಿಂದಿನ ಕಾಲದಲ್ಲಿ ಕೃತಿಯನ್ನು ಹರಡುವ ಹೊಣೆ ಆಶ್ರಯದಾತರದಾಗಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರಲ್ಲಿ ರಚಿತವಾದದ್ದು ಕೂಡ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ನೆರಳಿನಲ್ಲಿ. ಆಶ್ರಯದ ವ್ಯವಸ್ಥೆಯಲ್ಲಿ ಕೃತಿಯನ್ನು ಮೆಚ್ಚಬೇಕಾದವರು ಒಬ್ಬರೇ ಆದ್ದರಿಂದ ಊರೂರಿನ ಓದುಗರನ್ನು ಮುಂಚೆಯೇ ಒಲಿಸಿಕೊಳ್ಳಬೇಕಾದ ಪ್ರಸಂಗ ಬರಲಿಲ್ಲ.

ಹೊಸಗಾಲದ ಕಾದಂಬರಿಗೆ ಈ ಆಶ್ರಯ ದೊರೆಯಲಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗುರುತಿಸಲಾಗುವ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಅಚ್ಚಾಯಿತು. ಅದನ್ನು ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿ. ಕಾದಂಬರಿಕಾರರಾಗಿ ಅವರಿಗೆ ಹಿಂದಿನ ಹೆಸರೇನೂ ಇರಲಿಲ್ಲ. ಆದರೂ ಆ ಪುಸ್ತಕ ಗಮನ ಸೆಳೆದು, ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಇಂಗ್ಲಿಷಿಗೆ ಅನುವಾದಗೊಂಡಿತು. ವಿಧವಾ ವಿವಾಹ, ಹೆಣ್ಣುಮಕ್ಕಳ ಶಿಕ್ಷಣ, ಧರ್ಮದ ಹೆಸರಿನ ಕಪಟ ಮುಂತಾದವುಗಳ ಬಗ್ಗೆ ಮಂಗಳೂರಿನ ಸಾರಸ್ವತ ಸಮಾಜದಲ್ಲಿ ಆಗಲೇ ಬಿರುಸಾದ ಚರ್ಚೆ ನಡೆದಿತ್ತು. ಪುಸ್ತಕ ಅಚ್ಚಾಗುವ ವೇಳೆಗೆ ಅದರ ವಸ್ತು ಮನೆಮನೆಯ ಮಾತಾಗಿತ್ತು. ಆ ಮಾತುಕತೆಯೇ ಕಾದಂಬರಿಗೆ ನೆಲ ಹದಗೊಳಿಸಿತ್ತು.

ಉತ್ತರ ಕರ್ನಾಟಕದಲ್ಲಿ ಇದೇ ಕಾಲದಲ್ಲಿ ಸಂಘಟಿತ ಪ್ರಯತ್ನ ಮೊದಲಾಯಿತು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಬರೆದವರಿಗೆ ಬಹುಮಾನ ಕೊಟ್ಟು ಪ್ರೋತ್ಸಾಹಿಸುವುದನ್ನು ತನ್ನ ಕೆಲಸಗಳಲ್ಲಿ ಒಂದೆಂದು ಎಣಿಸಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆಯನ್ನು ಆರಂಭಿಸಿತು. ಸಂಘದ ಮೆಚ್ಚಿಕೆ ಪಡೆದ ಪುಸ್ತಕವೆಂಬ ಹೇಳಿಕೆಗೆ ಶಾಲಾ ಮಾಸ್ತರರ, ವಕೀಲರ, ಕಚೇರಿಯ ನೌಕರರ ನಡುವೆ ತೂಕವಿತ್ತು. ಹೊಸ ಲೇಖಕರ ಪರವಾಗಿ ಒಂದು ಸಂಸ್ಥೆ ಹೊಣೆ ನಿಲ್ಲುವ ಪದ್ಧತಿಗೆ ಇದು ನಾಂದಿ.

ಚಂದಾದಾರರೆಂಬ ಬಲ

ಸಂಘದ ಮೆಚ್ಚಿಕೆಯಿಂದ ಗೌರವ ಬಂದರೂ ಅಚ್ಚಿನ ಖರ್ಚು ಹುಟ್ಟುತ್ತಿರಲಿಲ್ಲ. ಆ ಖರ್ಚನ್ನು ಓದುಗರಿಂದಲೇ ಮುಂಚಿತವಾಗಿ ಪಡೆಯುವ ಉಪಾಯ ಚಂದಾ ಪದ್ಧತಿ. ವರ್ಷಕ್ಕಿಷ್ಟು ಹಣ ಕಟ್ಟಿದವರಿಗೆ ತಿಂಗಳ ಪತ್ರಿಕೆಯಲ್ಲಿ ಕಾದಂಬರಿಯ ಭಾಗಗಳೋ, ವರ್ಷದಲ್ಲಿ ಇಂತಿಷ್ಟು ಇಡೀ ಪುಸ್ತಕಗಳೋ ಅಂಚೆಯಲ್ಲಿ ಹೋಗುತ್ತಿದ್ದವು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಈ ಮಾರ್ಗದ ದೊಡ್ಡ ಹೆಸರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರು ಕಾದಂಬರಿ ಓದುವ ಅಭ್ಯಾಸವನ್ನೇ ಹೊಸದಾಗಿ ಬೆಳೆಸಿದರು. ಪುಸ್ತಕದ ಹೊರೆಯನ್ನು ಹೊತ್ತು ಊರೂರು, ಮನೆಮನೆ ತಿರುಗಿ ಮಾರಿದ ಅವರ ದುಡಿಮೆ ಕನ್ನಡ ನಾಡಿನಲ್ಲಿ ಇಂದಿಗೂ ಗೌರವದಿಂದ ನೆನೆಯುವ ಸಂಗತಿ. ಮನೆ ಬಾಗಿಲಿಗೆ ಬಂದ ಲೇಖಕ ಕೈಯಲ್ಲಿರುವ ಪುಸ್ತಕವನ್ನು ಮಾರುವಾಗ ಮುಂದೆ ಬರಲಿರುವ ಪುಸ್ತಕಕ್ಕೂ ಓದುಗರನ್ನು ಸಿದ್ಧಪಡಿಸುತ್ತಾನೆ ಎಂಬುದನ್ನು ಗಮನಿಸಿದರೆ ಆ ತಿರುಗಾಟದ ಪೂರ್ಣ ಬೆಲೆ ತಿಳಿಯುತ್ತದೆ.

ಹಳೆಯ ಮೈಸೂರಿನಲ್ಲಿ ಇದೇ ದಾರಿಯನ್ನು ಬೇರೊಂದು ನೆಲೆಯಿಂದ ಹಿಡಿದವರು ನಂಜನಗೂಡು ತಿರುಮಲಾಂಬ (1887–1982). ಬಾಲವಿಧವೆಯಾಗಿದ್ದ ಅವರಿಗೆ ಸಭೆ, ಸಂಘ, ಅಂಗಡಿಗಳ ಲೋಕ ಸುಲಭವಾಗಿ ತೆರೆದಿರಲಿಲ್ಲ. ಅವರು 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ‘ಸುಶೀಲೆ’ ಕಾದಂಬರಿಯನ್ನು ಅದರ ಮೂಲಕ ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಹೊಸ ಲೇಖಕಿಗೆ ಪ್ರಕಾಶಕರು ಸಿಗದಿದ್ದಾಗ ಲೇಖಕಿಯೇ ಪ್ರಕಾಶಕಿಯೂ ಸಂಪಾದಕಿಯೂ ಆಗಿ ಮನೆಯೊಳಗಿನ ಹೆಣ್ಣುಮಕ್ಕಳನ್ನೇ ಓದುಗರನ್ನಾಗಿ ಕಟ್ಟಿಕೊಂಡ ಈ ಸಾಹಸಕ್ಕೆ ಕನ್ನಡ ಪ್ರಕಾಶನದ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲ.

ಗ್ರಂಥಮಾಲೆ ಎಂಬ ವ್ಯವಸ್ಥೆ ಅತ್ಯಂತ ಬಲವಾಗಿ ಬೇರೂರಿದ್ದು ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ. ಜಡಭರತರೆಂಬ ಹೆಸರಿನಲ್ಲಿ ನಾಟಕಗಳನ್ನು ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಇದನ್ನು ಆರಂಭಿಸಿದಾಗ ದ.ರಾ. ಬೇಂದ್ರೆ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿಯವರ ಬೆಂಬಲ ಅವರಿಗಿತ್ತು. ಇದರ ಚಂದಾದಾರರು ಯಾವ ಪುಸ್ತಕ ಬರುತ್ತದೆಂದು ಆಯ್ದು ಹಣ ಕಟ್ಟುತ್ತಿರಲಿಲ್ಲ; ಮಾಲೆಯ ಸಂಪಾದಕರು ಆರಿಸಿದ್ದು ಓದಲು ತಕ್ಕದ್ದಾಗಿರುತ್ತದೆಂಬ ನಂಬಿಕೆಯಿಂದ ಇಡೀ ವರ್ಷದ ಪುಸ್ತಕಗಳಿಗೆ ಮುಂಚೆಯೇ ಒಪ್ಪಿಕೊಂಡಿರುತ್ತಿದ್ದರು. ಚೊಚ್ಚಲ ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಅನುಕೂಲವನ್ನು ಊಹಿಸುವುದು ಕಷ್ಟ. ಶಾಂತಿನಾಥ ದೇಸಾಯಿಯವರ ಮೊದಲ ಕಾದಂಬರಿ ‘ಮುಕ್ತಿ’ 1961ರಲ್ಲಿ, ಯು.ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಇದೇ ಮಾಲೆಯಿಂದ ಹೊರಬಂದವು. ಕಾದಂಬರಿಯ ರೂಪದಲ್ಲಿಯೂ ವಸ್ತುವಿನಲ್ಲಿಯೂ ಹೊಸದನ್ನು ತಂದ, ಓದುಗರನ್ನು ಕೆಣಕಿದ ಈ ಎರಡು ಕೃತಿಗಳನ್ನು ಅಂಗಡಿಯ ಮೇಜಿನ ಮೇಲಿಟ್ಟು ಗಿರಾಕಿಗಾಗಿ ಕಾಯಬೇಕಾಗಿ ಬಂದಿದ್ದರೆ ಅವು ಅಷ್ಟು ಬೇಗ ಅಷ್ಟು ಮನೆಗಳನ್ನು ಸೇರುತ್ತಿರಲಿಲ್ಲ. ಧಾರವಾಡದ ಸುಭಾಷ ರಸ್ತೆಯಲ್ಲಿ ‘ಅಟ್ಟ’ವೆಂದು ಹೆಸರಾದ ಮಾಲೆಯ ಕಚೇರಿ ಲೇಖಕರೂ ಓದುಗರೂ ಕೂಡುವ ಜಾಗವಾಗಿ, ಅಚ್ಚಾಗಬೇಕಾದ ಕೃತಿಯ ಬಗ್ಗೆ ಮಾತು ಮೊದಲು ಹರಡುವ ನೆಲೆಯೂ ಆಯಿತು.

ಚಂದಾ ಪದ್ಧತಿ ಹಳ್ಳಿಗಳವರೆಗೆ ಹೋಗಲು ನೆರವಾದದ್ದು ಅಂಚೆ ಇಲಾಖೆಯ ವಿ.ಪಿ.ಪಿ. ಎಂಬ ಸೌಕರ್ಯ. 1877ರಲ್ಲಿ ಭಾರತದಲ್ಲಿ ಜಾರಿಗೆ ಬಂದ ಈ ಏರ್ಪಾಟಿನಲ್ಲಿ ಪುಸ್ತಕದ ಕಟ್ಟು ತಂದ ಅಂಚೆಯವರೇ ಅದರ ಬೆಲೆಯನ್ನು ಪಡೆದು, ಕಳುಹಿಸಿದವರಿಗೆ ಮನಿಯಾರ್ಡರಾಗಿ ತಲುಪಿಸುತ್ತಿದ್ದರು. ಪುಸ್ತಕದಂಗಡಿಯಿಲ್ಲದ ಊರಿನ ಮಾಸ್ತರರೋ ಶಾನುಭೋಗರೋ ಒಂದು ಕಾರ್ಡು ಬರೆದರೆ ಧಾರವಾಡದ ಇಲ್ಲವೆ ಮೈಸೂರಿನ ಪುಸ್ತಕ ಮನೆ ಬಾಗಿಲಿಗೆ ಬರುತ್ತಿತ್ತು. ಕಟ್ಟನ್ನು ಬಿಡಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿದರೆ ಅಂಚೆಯ ಖರ್ಚು ಪ್ರಕಾಶಕರ ತಲೆಯ ಮೇಲೆ ಬೀಳುತ್ತಿದ್ದುದರಿಂದ ಪ್ರಕಾಶಕರು ಸುದ್ದಿಯನ್ನು ಮುಂದಾಗಿ ತಿಳಿಸಿ ಒಪ್ಪಿಗೆ ಪಡೆಯಲು ಎಚ್ಚರ ವಹಿಸುತ್ತಿದ್ದರು. ಹಳೆಯ ಕನ್ನಡ ಪುಸ್ತಕಗಳ ಕೊನೆಯ ಪುಟಗಳನ್ನು ತಿರುವಿದರೆ ಈ ಎಚ್ಚರ ಕಣ್ಣಿಗೆ ಕಾಣುತ್ತದೆ. ಅಲ್ಲಿ ಪ್ರಕಾಶಕರ ಪುಸ್ತಕಗಳ ಪಟ್ಟಿಯಿರುತ್ತದೆ. ಹೆಸರಿನ ಎದುರು ಬೆಲೆ, ಕೆಲವದರ ಎದುರು ಪ್ರತಿಗಳು ಮುಗಿದಿವೆ ಎಂಬ ಸೂಚನೆ, ಪಟ್ಟಿಯ ಕೆಳಭಾಗದಲ್ಲಿ ‘ಅಚ್ಚಿನಲ್ಲಿದೆ’ ಎಂಬ ಮಾತಿನ ಜೊತೆಗೆ ಇನ್ನೂ ಬಾರದ ಪುಸ್ತಕಗಳು. ಹೆಸರಾಂತ ಲೇಖಕರ ಪುಸ್ತಕವನ್ನು ಓದಿ ಮುಗಿಸಿದವರ ಕಣ್ಣು ಸಹಜವಾಗಿ ಈ ಪುಟದ ಮೇಲೆ ಹಾಯುತ್ತಿತ್ತು, ಅದೇ ಸಾಲಿನಲ್ಲಿ ಹೊಸ ಹೆಸರೂ ಕಾಣುತ್ತಿತ್ತು. ಪ್ರಕಾಶಕರಿಗೆ ಬೇರೆ ಖರ್ಚಿಲ್ಲದ, ಖಚಿತವಾಗಿ ಓದುಗರನ್ನೇ ಮುಟ್ಟುವ ಪ್ರಚಾರ ಇದಾಗಿತ್ತು.

ಇದರ ಪಕ್ಕದಲ್ಲಿ ನಾಟಕ ಕಂಪನಿಗಳ ಪ್ರಚಾರವನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯೂ ಸೇರಿದಂತೆ ವೃತ್ತಿ ನಾಟಕ ಕಂಪನಿಗಳು ಊರಿನಲ್ಲಿ ಕ್ಯಾಂಪು ಹೂಡಿದಾಗ ಹ್ಯಾಂಡ್‌ಬಿಲ್ಲು, ಗೋಡೆಯ ಪೋಸ್ಟರು, ಧ್ವನಿವರ್ಧಕ ಕಟ್ಟಿದ ಗಾಡಿಗಳಿಂದ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದವು. ನಾಟಕಕ್ಕೆ ಆ ರಾತ್ರಿಯ ಜನ ಬೇಕು, ಆ ಜನ ಹತ್ತಿರದಲ್ಲಿಯೇ ಇರುತ್ತಾರೆ. ಕಾದಂಬರಿಯ ಓದುಗರಾದರೋ ಊರಿಗೆ ಒಬ್ಬರೋ ಇಬ್ಬರೋ ಆಗಿ ನಾಡಿನ ತುಂಬ ಚದುರಿರುತ್ತಾರೆ. ಅವರನ್ನು ಕೂಗಿ ಕರೆಯಲಾಗದು, ವಿಳಾಸ ಹಿಡಿದು ಒಬ್ಬೊಬ್ಬರನ್ನೇ ತಲುಪಬೇಕು. ಚಂದಾದಾರರ ವಿಳಾಸಪಟ್ಟಿಯೇ ಗ್ರಂಥಮಾಲೆಯ ನಿಜವಾದ ಆಸ್ತಿಯಾದದ್ದು ಇದರಿಂದ.

ಮುನ್ನುಡಿಯ ಹೊಣೆ

ಚಂದಾದಾರರಿಲ್ಲದ ಪ್ರಕಾಶಕರು ಹೊಸ ಲೇಖಕರನ್ನು ಪರಿಚಯಿಸಲು ಮುನ್ನುಡಿಯ ಮೊರೆಹೊಕ್ಕರು. ಮುನ್ನುಡಿ ಎಂದರೆ ಲೇಖಕರಲ್ಲದ, ಸಾಮಾನ್ಯವಾಗಿ ಹಿರಿಯರಾದ ಮತ್ತೊಬ್ಬರು ಪುಸ್ತಕದ ಆರಂಭದಲ್ಲಿ ಬರೆಯುವ ಮಾತು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ಕೆಲಸವನ್ನು ಅಪಾರ ಸಂಖ್ಯೆಯಲ್ಲಿ, ಔದಾರ್ಯದಿಂದ ಮಾಡಿದವರು. ಬೇಂದ್ರೆಯವರ ‘ಗರಿ’ ಕವನಸಂಕಲನದ ಪ್ರಕಟಣೆಗೆ ಒತ್ತಾಸೆಯಾದದ್ದೂ ಅವರೇ. ಹಿರಿಯರು ಹಸ್ತಪ್ರತಿ ಓದಿ ಮುನ್ನುಡಿಗೆ ಒಪ್ಪಿದ್ದಾರೆಂಬ ಸುದ್ದಿ ಪತ್ರಿಕಾ ಕಚೇರಿಗಳಲ್ಲಿ, ಕಾಲೇಜಿನ ಕನ್ನಡ ವಿಭಾಗಗಳಲ್ಲಿ ಪುಸ್ತಕಕ್ಕಿಂತ ಮೊದಲೇ ಓಡಾಡಿ ಲೇಖಕರ ಹೆಸರನ್ನು ಪರಿಚಿತಗೊಳಿಸುತ್ತಿತ್ತು. ಈ ಪದ್ಧತಿಗೆ ಮಿತಿಯೂ ಇತ್ತು. ಹಿರಿಯರ ಪರಿಚಯವಾಗಲು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿದವರಿಗೆ, ಉದ್ಯೋಗದಲ್ಲಿದ್ದವರಿಗೆ ದಾರಿಯಿತ್ತು. ಬರಗಾಲ ಪದೇಪದೇ ಕಾಡುವ ಜಗಳೂರಿನಂಥ ತಾಲ್ಲೂಕಿನ ಹಳ್ಳಿಯಲ್ಲಿ ಕುಳಿತು ಬರೆದವರಿಗೆ ಆ ದಾರಿ ಬಹಳ ಉದ್ದವಾಗಿತ್ತು.

ವಾರಪತ್ರಿಕೆಯ ಕಾಲ

ಆ ದಾರಿಯನ್ನು ಕಿರಿದು ಮಾಡಿದ ಕೀರ್ತಿ ವಾರಪತ್ರಿಕೆಗಳಿಗೆ ಸಲ್ಲಬೇಕು. ‘ಕರ್ಮವೀರ’, ‘ಪ್ರಜಾಮತ’ಗಳು ಹಾಕಿಕೊಟ್ಟ ಹಾದಿಯಲ್ಲಿ 1965ರ ಜನವರಿಯಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಆರಂಭವಾಗಿ, ಧಾರಾವಾಹಿ ಎಂಬ ಪ್ರಕಾರ ಮನೆಮಾತಾಯಿತು. ಧಾರಾವಾಹಿಯೆಂದರೆ ಕಾದಂಬರಿಯನ್ನು ಕಂತುಗಳಾಗಿ ವಾರ ವಾರ ಪ್ರಕಟಿಸುವುದು. ಪ್ರಕಟಣಪೂರ್ವ ಪ್ರಚಾರದ ದೃಷ್ಟಿಯಿಂದ ಇದರಷ್ಟು ಸಮರ್ಥವಾದ ಸಾಧನ ಕನ್ನಡದಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಪುಸ್ತಕ ಸಾವಿರ ಪ್ರತಿ ಅಚ್ಚಾಗುತ್ತಿದ್ದಾಗ ವಾರಪತ್ರಿಕೆಯ ಪ್ರಸಾರ ಅದರ ಹಲವು ಪಟ್ಟು ದೊಡ್ಡದಾಗಿತ್ತು. ಒಂದೊಂದು ಪ್ರತಿಯನ್ನೂ ಮನೆಯವರು, ಅಕ್ಕಪಕ್ಕದವರು, ಕ್ಷೌರದಂಗಡಿಯಲ್ಲಿ ಕಾಯುವವರು, ಶಾಲೆಯ ಉಪಾಧ್ಯಾಯರು ಕೈಯಿಂದ ಕೈಗೆ ಓದುತ್ತಿದ್ದರು.

ಹೊಸ ಧಾರಾವಾಹಿ ತೊಡಗುವ ವಾರದ ಹಿಂದಿನ ಸಂಚಿಕೆಗಳಲ್ಲಿಯೇ ಲೇಖಕರ ಹೆಸರು, ಕಥೆಯ ಒಂದೆರಡು ಸಾಲಿನ ಸೂಚನೆ, ಕಲಾವಿದರು ಬರೆದ ನಾಯಕಿಯ ಮುಖಗಳೊಂದಿಗೆ ಪ್ರಕಟಣೆ ಬರುತ್ತಿತ್ತು. ಪ್ರತಿ ಕಂತೂ ಓದುಗರು ಮುಂದಿನ ವಾರಕ್ಕೆ ಕಾಯುವಂಥ ಘಟ್ಟದಲ್ಲಿ ನಿಂತು, ‘ಮುಂದುವರಿಯುವುದು’ ಎಂಬ ಮಾತಿನಿಂದ ಮುಗಿಯುತ್ತಿತ್ತು. ದಾವಣಗೆರೆಯಿಂದ, ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವ ಪತ್ರಿಕೆಯ ಕಟ್ಟನ್ನೇ ನೆಚ್ಚಿದ ಹೋಬಳಿ ಊರುಗಳಲ್ಲಿ ಇದರಿಂದ ಒಂದು ಸಮಾನತೆ ಉಂಟಾಯಿತು. ಬೆಂಗಳೂರಿನವರು ಓದಿದ ಕಂತನ್ನು ಬಿಳಿಚೋಡಿನವರೂ ಅದೇ ವಾರ ಓದಬಹುದಾಗಿತ್ತು. ಅನೇಕ ಮನೆಗಳಲ್ಲಿ ಧಾರಾವಾಹಿಯ ಹಾಳೆಗಳನ್ನು ಕಿತ್ತು, ಒಟ್ಟಿಗೆ ಹೊಲಿದು, ರಟ್ಟು ಅಂಟಿಸಿ ಪುಸ್ತಕ ಮಾಡಿಟ್ಟುಕೊಳ್ಳುವ ರೂಢಿ ಬೆಳೆಯಿತು. ಇದರಿಂದ ಪುಸ್ತಕದ ಮಾರಾಟ ತಗ್ಗೀತೆಂಬ ಭಯಕ್ಕೆ ಆಧಾರವಿರಲಿಲ್ಲ. ಓದುಗರ ಮೆಚ್ಚಿಕೆ ಪತ್ರಗಳು ಸಂಪಾದಕರಿಗೆ ರಾಶಿಯಾಗಿ ಬಂದ ಕಾದಂಬರಿಯನ್ನು ಅಚ್ಚು ಹಾಕಲು ಪ್ರಕಾಶಕರು ತಾವಾಗಿಯೇ ಮುಂದೆ ಬರುತ್ತಿದ್ದರು. ದಿನಕ್ಕಿಷ್ಟೆಂದು ಬಾಡಿಗೆ ಪಡೆದು ಪುಸ್ತಕ ಕೊಡುತ್ತಿದ್ದ ಖಾಸಗಿ ಗ್ರಂಥಾಲಯಗಳು ಅಂಥ ಕಾದಂಬರಿಗಳನ್ನು ಮೊದಲು ತರಿಸುತ್ತಿದ್ದವು.

ಚೊಚ್ಚಲ ಕಾದಂಬರಿಗೆ ಪತ್ರಿಕೆ ಎಂಥ ಬೆಂಬಲವಾಗಬಲ್ಲದೆಂಬುದಕ್ಕೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಅತ್ಯುತ್ತಮ ನಿದರ್ಶನ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರು ಕನ್ನಡ ಶಾಲೆಯಲ್ಲಿ ಕಲಿತು, ಮದುವೆ, ಮನೆ, ಮಕ್ಕಳ ಹೊಣೆ ಮುಗಿಸಿ, ನಡುವಯಸ್ಸಿನಲ್ಲಿ ಬರವಣಿಗೆಗೆ ಇಳಿದವರು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಅವರ ಮೊದಲ ಲೇಖನವನ್ನು ಪ್ರಕಟಿಸಿದ್ದಲ್ಲದೆ ಈ ಕಾದಂಬರಿಯನ್ನೂ ಧಾರಾವಾಹಿಯಾಗಿ ಪ್ರಕಟಿಸಿತು. ತಲಾಖಿನ ದಂಡನೆಗೆ ಒಳಗಾದ ನಾದಿರಾಳ ಕಥೆ ವಾರ ವಾರ ಓದುಗರ ಮುಂದೆ ತೆರೆದುಕೊಂಡಾಗ, ಮುಸ್ಲಿಂ ಮಹಿಳೆಯ ಬದುಕನ್ನು ಒಳಗಿನಿಂದ ಕಂಡ ದನಿಯೊಂದು ಕನ್ನಡಕ್ಕೆ ಬಂದಿದೆ ಎಂಬ ಅರಿವು ನಾಡಿನಲ್ಲಿ ಹರಡಿತು. 1984ರಲ್ಲಿ ಅದು ಪುಸ್ತಕವಾಗುವ ವೇಳೆಗೆ ಗಡಿಯಾಚೆಯ ಕಾಸರಗೋಡಿನ ಅಪರಿಚಿತ ಲೇಖಕಿ ಅಪರಿಚಿತರಾಗಿ ಉಳಿದಿರಲಿಲ್ಲ. ಜಾಹೀರಾತನ್ನೇ ಪಡೆಯದೆ ನಡೆದ ಪತ್ರಿಕೆಯೊಂದು ಹೊಸ ಕಾದಂಬರಿಗೆ ಈ ಪರಿಯ ಪ್ರಚಾರ ಒದಗಿಸಿದ್ದು ಗಮನಾರ್ಹ. ಇಲ್ಲಿ ಕೃತಿಯ ಬಗ್ಗೆ ಯಾರೂ ಹೊಗಳಿ ಹೇಳಬೇಕಾಗಲಿಲ್ಲ. ಕೃತಿಯನ್ನೇ ಓದಲು ಕೊಟ್ಟಿದ್ದರಿಂದ ಅದು ತನ್ನ ಪರವಾಗಿ ತಾನೇ ಮಾತಾಡಿತು. ಮುಂದೆ ಸಾರಾ ಅವರು ತಮ್ಮದೇ ಚಂದ್ರಗಿರಿ ಪ್ರಕಾಶನವನ್ನು ಕಟ್ಟಲು ಬೇಕಾದ ಓದುಗರ ಬಳಗ ಈ ಧಾರಾವಾಹಿಯಿಂದಲೇ ಕೂಡಿಬರತೊಡಗಿತ್ತು.

ಗ್ರಂಥಾಲಯದ ಖರೀದಿ, ಬಿಡುಗಡೆಯ ಸಮಾರಂಭ

1965ರಲ್ಲಿ ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ತಂದ ಮೇಲೆ ಸರ್ಕಾರವೇ ಕನ್ನಡ ಪುಸ್ತಕಗಳ ದೊಡ್ಡ ಗಿರಾಕಿಯಾಯಿತು. ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವ ಕ್ರಮದಿಂದ ಹೊಸಬರ ಪ್ರಕಟಣೆಗೆ ಒಂದು ಕನಿಷ್ಠ ಭರವಸೆ ದೊರೆಯಿತು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದ್ದು, ಇದರಿಂದ ಬೆಳಕು ಕಂಡ ಹೊಸಬರು ಬಹಳ. ಈ ನೆರವುಗಳ ಉಪಕಾರವನ್ನು ಸ್ಮರಿಸುತ್ತಲೇ ಅವುಗಳ ಅಡ್ಡಫಲವನ್ನೂ ಹೇಳಬೇಕಾಗುತ್ತದೆ. ಮುದ್ರಣದ ಖರ್ಚು ಖರೀದಿಯಿಂದಲೇ ಹುಟ್ಟುವುದು ಖಚಿತವಾದಾಗ, ಓದುಗರನ್ನು ಮುಂಚೆಯೇ ಹುಡುಕುವ ತುರ್ತು ಕೆಲವು ಪ್ರಕಾಶಕರಲ್ಲಿ ಕಡಿಮೆಯಾಯಿತು. ಪುಸ್ತಕ ಹೋಬಳಿಯ ಕಪಾಟನ್ನು ಸೇರುತ್ತಿತ್ತು, ಅದರ ಸುದ್ದಿ ಮಾತ್ರ ಹೋಬಳಿಯ ಓದುಗರನ್ನು ಸೇರುತ್ತಿರಲಿಲ್ಲ. ಗಳಗನಾಥರ ಕಾಲದಲ್ಲಿ ಪುಸ್ತಕ ಬರುವ ಮೊದಲು ಓದುಗರಿದ್ದರೆ ಈ ಕಾಲದಲ್ಲಿ ಪುಸ್ತಕ ಬಂದ ಮೇಲೂ ಓದುಗರಿಗಾಗಿ ಕಾಯುವ ಸ್ಥಿತಿ ಒದಗಿತು.

ಇದೇ ಅವಧಿಯಲ್ಲಿ ಪ್ರಚಾರದ ಭಾರವೆಲ್ಲ ಪುಸ್ತಕ ಬಿಡುಗಡೆಯೆಂಬ ಒಂದೇ ಸಮಾರಂಭದ ಮೇಲೆ ಬಿದ್ದಿತು. ಆಹ್ವಾನ ಪತ್ರಿಕೆ, ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ದ ಸಾಲು, ಭಾನುವಾರದ ಪುರವಣಿಯಲ್ಲಿ ಬಿಡುಗಡೆಯಾಗಲಿರುವ ಕಾದಂಬರಿಯಿಂದ ಆಯ್ದ ಒಂದು ಅಧ್ಯಾಯ, ಸಮಾರಂಭದ ದಿನ ಸಭಾಂಗಣದ ಹೊರಗೆ ಉಪ್ಪಿಟ್ಟು, ಕೇಸರಿಬಾತು, ಬಾಗಿಲ ಬಳಿಯ ಮೇಜಿನ ಮೇಲೆ ರಿಯಾಯಿತಿ ದರದ ಪ್ರತಿಗಳು, ಒಳಗೆ ಬಣ್ಣದ ಕಾಗದ ಸುತ್ತಿದ ಪುಸ್ತಕವನ್ನು ಬಿಚ್ಚಿ ಸಭೆಗೆ ತೋರಿಸುವ ಅಧ್ಯಕ್ಷರು: ಇವೆಲ್ಲ ಸೇರಿ ಒಂದು ಸಂಪ್ರದಾಯವೇ ಆಯಿತು. ಇದರಲ್ಲಿ ಪುರವಣಿಯ ಆಯ್ದ ಅಧ್ಯಾಯ ಧಾರಾವಾಹಿಯ ವಾರಸುದಾರಿಕೆಯನ್ನು ಉಳಿಸಿಕೊಂಡು ನಾಡಿನಾದ್ಯಂತ ತಲುಪುವ ಭಾಗ. ಉಳಿದದ್ದು ಬಹುಪಾಲು ಬೆಂಗಳೂರಿನ, ಅದರಲ್ಲಿಯೂ ಲೇಖಕರ ಬಂಧುಮಿತ್ರರ ವಲಯಕ್ಕೆ ಸೀಮಿತ.

ಮುಂಗಡ ಕಾಯ್ದಿರಿಸುವಿಕೆ

ಇಪ್ಪತ್ತೊಂದನೆಯ ಶತಮಾನದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಡಿಜಿಟಲ್ ಮುದ್ರಣದಿಂದ ನೂರಿನ್ನೂರು ಪ್ರತಿಗಳನ್ನು ಮಾತ್ರ ತೆಗೆದು, ಬೇಡಿಕೆ ಬಂದಂತೆ ಮತ್ತೆ ಅಚ್ಚು ಹಾಕುವುದು ಸಾಧ್ಯವಾಗಿ, ಮೊಳೆಯ ಕಾಲದ ಹಳೆಯ ಹೆದರಿಕೆ ಇಲ್ಲವಾಯಿತು. ಮೊಬೈಲಿನ ಮೂಲಕ ಮುಖಪುಟವನ್ನು ಮುಂಚೆಯೇ ತೋರಿಸಿ, ಹಣ ಪಡೆದು, ಬಿಡುಗಡೆಯ ದಿನವೇ ಪುಸ್ತಕವನ್ನು ಅಂಚೆಗೆ ಹಾಕುವ ಮುಂಗಡ ಕಾಯ್ದಿರಿಸುವಿಕೆ, ಎಂದರೆ ಎಲ್ಲರೂ ಪ್ರಿ-ಬುಕಿಂಗ್ ಎಂದು ಕರೆಯುವ ಕ್ರಮ, ರೂಢಿಗೆ ಬಂದಿತು. ಇದನ್ನು ಹೊಸ ಶೋಧವೆಂದು ತಿಳಿಯುವವರುಂಟು. ಆದರೆ ಅಚ್ಚಿಗೂ ಮೊದಲು ಹಣ ಕೊಟ್ಟು ಲೇಖಕರ ಜೊತೆ ನಿಲ್ಲುವ ಚಂದಾದಾರರೇ ಬೇರೆ ಉಡುಪಿನಲ್ಲಿ ಇಲ್ಲಿ ಮರಳಿ ಬಂದಿದ್ದಾರೆ. ವ್ಯತ್ಯಾಸವಿರುವುದು ನಂಬಿಕೆಯ ನೆಲೆಯಲ್ಲಿ. ಚಂದಾದಾರರು ಗ್ರಂಥಮಾಲೆಯನ್ನು ನಂಬಿ ಅದರ ಹೊಸ ಲೇಖಕರನ್ನು ಒಪ್ಪುತ್ತಿದ್ದರು. ಮುಂಗಡ ಕಾಯ್ದಿರಿಸುವವರು ಬಹುಮಟ್ಟಿಗೆ ತಮಗೆ ಮೊದಲೇ ಗೊತ್ತಿರುವ ಲೇಖಕರನ್ನೇ ನಂಬುತ್ತಾರೆ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಿಡುಗಡೆಗೂ ಮುನ್ನವೇ ಮೊದಲ ಮುದ್ರಣ ಮುಗಿದುಹೋಗುವಷ್ಟು ಬೇಡಿಕೆ ಪಡೆದದ್ದು ಅರ್ಧ ಶತಮಾನದ ಓದುಗರ ಒಲವನ್ನು ಬೆನ್ನಿಗಿಟ್ಟುಕೊಂಡು. ಚೊಚ್ಚಲ ಕಾದಂಬರಿಕಾರರಿಗೆ ಆ ಬೆನ್ನುಬಲ ಇರುವುದಿಲ್ಲ.

ಈ ಕೊರತೆಯನ್ನು ಅರಿತು ನಡೆದ ಪ್ರಯತ್ನಗಳೂ ಇವೆ. ಕಥೆಗಾರ ವಸುಧೇಂದ್ರರ ಛಂದ ಪುಸ್ತಕ ಹೊಸ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆ ನಡೆಸಿ, ಗೆದ್ದ ಸಂಕಲನವನ್ನು ಬಹುಮಾನದೊಂದಿಗೆ ಪ್ರಕಟಿಸುತ್ತ ಬಂದಿದೆ. ತೀರ್ಪು, ಪುಸ್ತಕ ಎಂಬ ಎರಡು ಹಂತಗಳಲ್ಲಿ ಹೊಸ ಹೆಸರು ಎರಡು ಸಲ ಓದುಗರ ಕಿವಿಗೆ ಬೀಳುತ್ತದೆ. ಪುಸ್ತಕ ಬರುವ ವೇಳೆಗೆ ಅದಕ್ಕಾಗಿ ಕಾಯುವವರು ಹುಟ್ಟಿಕೊಂಡಿರುತ್ತಾರೆ. 1890ರ ದಶಕದ ವಿದ್ಯಾವರ್ಧಕ ಸಂಘದ ಬಹುಮಾನವೂ ಇದೂ ಒಂದೇ ಜಾತಿಯವು. ಕಾದಂಬರಿಗೂ ಇಂಥ ನಿಯತವಾದ ವ್ಯವಸ್ಥೆ ಹೆಚ್ಚು ಬೇಕಾಗಿದೆ.

ಈ ಉದ್ದನೆಯ ಚರಿತ್ರೆಯಿಂದ ಹೊರಡುವ ನಿರ್ಣಯ ಒಂದೇ. ಕನ್ನಡದಲ್ಲಿ ಚೊಚ್ಚಲ ಕಾದಂಬರಿ ಗೆದ್ದಾಗ ಬಹುಮಟ್ಟಿಗೆ ಅದರ ಹಿಂದೆ ಓದುಗರು ನಂಬುವ ಸಂಘವೋ, ಮಾಲೆಯೋ, ಪತ್ರಿಕೆಯೋ ಇತ್ತು. ಆ ಸಂಸ್ಥೆ ತನ್ನ ಹೆಸರನ್ನು ಪಣಕ್ಕಿಟ್ಟು ಹೊಸಬರನ್ನು ಪರಿಚಯಿಸಿತು. ಧಾರಾವಾಹಿಗಳು ಕಡಿಮೆಯಾಗಿ, ಗ್ರಂಥಮಾಲೆಯ ಚಂದಾದಾರರು ವಿರಳರಾದ ಈ ದಿನಗಳಲ್ಲಿ ಆ ಹೊಣೆಯನ್ನು ಹೊರಬಲ್ಲ ಜಾಲವೊಂದು ನಾಡಿನಲ್ಲಿ ಈಗಾಗಲೇ ಇದೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಊರೂರಿನಲ್ಲಿವೆ. ಪ್ರಕಾಶಕರು ಅಚ್ಚಿಗೆ ಹೋಗುವ ಮುನ್ನ ಹೊಸ ಕಾದಂಬರಿಯ ಒಂದು ಅಧ್ಯಾಯವನ್ನು ಈ ಕೇಂದ್ರಗಳಿಗೆ ಕಳುಹಿಸಲಿ. ಗ್ರಂಥಪಾಲಕರು ಅದನ್ನು ಓದುಗರ ಮುಂದಿಟ್ಟು ಅವರ ಅಭಿಪ್ರಾಯವನ್ನೂ ಬೇಡಿಕೆಯನ್ನೂ ಬರೆದು ತಿಳಿಸಲಿ. ಖರೀದಿಯ ಆಯ್ಕೆಯಲ್ಲಿ ಆ ಬೇಡಿಕೆಗೂ ಒಂದು ಸ್ಥಾನವಿರಲಿ. ಓದುಗರೂ ವರ್ಷಕ್ಕೆ ಒಂದಾದರೂ ಚೊಚ್ಚಲ ಕಾದಂಬರಿಯನ್ನು, ಲೇಖಕರ ಹೆಸರು ಕೇಳಿರದಿದ್ದರೂ, ಮುಂಗಡ ಹಣ ಕೊಟ್ಟು ತರಿಸಿಕೊಳ್ಳಲಿ. ಗಳಗನಾಥರೂ ತಿರುಮಲಾಂಬರೂ ಜಿ.ಬಿ. ಜೋಶಿಯವರೂ ಕಟ್ಟಿದ ಕನ್ನಡ ಕಾದಂಬರಿಯ ಮನೆ ನಿಂತಿರುವುದು ಅಂಥ ಓದುಗರ ಹಣದ ಮೇಲೆ.